ತೊಳೆಯಬಾರದ ತೊಟ್ಟಿ

"ಸೈಮಿ... ತೊಟ್ಟಿ ತೊಳ್ದುಬಿಟ್ಯಾ?!"

ಬಾಗಿಲಲ್ಲಿ ಯಲ್ಮರಿ ನಿಂತಿದ್ದ. ಎಂಟು ತಿಂಗಳು ಫೋನಿನಲ್ಲಷ್ಟೇ ಮಾತಾಡಿ, ಮನಸ್ಸು ಕೊಟ್ಟವರು ಮೊದಲ ಸಲ ಮುಖ ನೋಡುವ ಗಳಿಗೆ ಇದು! ಸೈಮಿಯ ಕೈಯಲ್ಲಿ ಬ್ರಷ್, ಪಕ್ಕದಲ್ಲಿ ಹಬೆಯಾಡುವ ಬಿಸಿನೀರು.

ಒಂದು ಬಸ್ ಮುಂಚೆಯೇ ಬಂದಿದ್ದಳು. ಮನೆಯಲ್ಲಿ ಯಾರೂ ಇರಲಿಲ್ಲ, ಬಾಗಿಲು ಮಾತ್ರ ತೆರೆದಿತ್ತು. ಅವನು ಬರುವಷ್ಟರಲ್ಲಿ ಅಡುಗೆಮನೆ ಚೊಕ್ಕ ಮಾಡಿ ಮೆಚ್ಚಿಸುವ ಆಸೆ. ಹಿಟ್ಟು ಕಲಸುವ ಮರದ ತೊಟ್ಟಿಯ ಒಳಗೆಲ್ಲ ಒಣಗಿದ ಹಿಟ್ಟಿನ ಹಕ್ಕಳೆ ಕಂಡು, ಕೊಳಕೆಂದು ಉಜ್ಜಿದ್ದಳು.

ಅವನ ಹಿಂದೆಯೇ ಒಳಗೆ ಬಂದ ತಾಯಿ ಹಿಲ್ಕಾ ನಕ್ಕೇಬಿಟ್ಟಳು. "ನಮ್ಮೂರಲ್ಲಿ ಮಕ್ಳಿಗೂ ಗೊತ್ತು ಕಣೇ, ಹುಳಿತೊಟ್ಟಿ ತೊಳೀಬಾರ್ದು ಅಂತ!"

ಆ ಹಕ್ಕಳೆಯಲ್ಲೇ ಯಲ್ಮರಿಯ ಅಜ್ಜಿಯ ಕಾಲದ ಹುಳಿ, ಅಂದರೆ ಹಿಟ್ಟಿನ ಹೆಪ್ಪು, ಉಳಿದಿತ್ತು. ಅದರಿಂದಲೇ ಅವನು ಬೀನ್ಸ್ ಕಾಳಿನ ಹಿಟ್ಟು ಹುಳಿ ಬರಿಸಿ ಬ್ರೆಡ್ ಮಾಡುತ್ತಿದ್ದ. ಕಾಳು ತಿಂದರೆ ಹೊಟ್ಟೆಯುಬ್ಬಿ ನರಳುವ ಹಿಲ್ಕಾಗೆ ಆ ಬ್ರೆಡ್ ಮಾತ್ರ ಒಗ್ಗುತ್ತಿತ್ತು.

ಕಾಳಿನಲ್ಲಿರುವ ಹೊಟ್ಟೆಯುಬ್ಬಿಸುವ ಸಕ್ಕರೆಯನ್ನು ಹುಳಿಯ ಬ್ಯಾಕ್ಟೀರಿಯಾಗಳೇ ತಿಂದುಬಿಡುತ್ತವೆ, ಕಾಳಿನ ಕಬ್ಬಿಣ ಮೈಗೆ ಹತ್ತುವಂತೆಯೂ ಮಾಡುತ್ತವೆ ಎಂದು ಅವನಿಗೆ ವಿವರಿಸಿದ್ದು ಯಾರು? ಕುವೊಪಿಯೊ ನಗರದ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಇದೇ ಸೈಮಿ! ಆದರೆ ಅವಳು ಹುಳಿಯನ್ನು ಕಂಡಿದ್ದು ಗಾಜಿನ ಜಾಡಿಯಲ್ಲಿ ಮಾತ್ರ. ಓದಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

'ಥೂ... ಯಾವ ಮುಖ ಇಟ್ಕೊಂಡು ಇಲ್ಲಿರಲಿ?'

ಬ್ರಷ್ ಬಿಸಾಡಿ, ಚೀಲ ಎತ್ತಿಕೊಂಡು ಬಸ್ ನಿಲ್ದಾಣಕ್ಕೆ ಓಡಿದಳು.

ಸ್ವಲ್ಪ ಹೊತ್ತಿಗೆ ಯಲ್ಮರಿ ಏದುಸಿರು ಬಿಡುತ್ತಾ ಬಂದ. ಪಾಪ, ಅವನ ಲೆಕ್ಕವೇ ಬೇರೆ.

"ನನ್ನ ಮುಖ ನೋಡಿ ಇಷ್ಟ ಆಗ್ಲಿಲ್ಲ... ಅಲ್ವಾ?"

"ಅಯ್ಯೋ, ಅದಲ್ಲ! ನಾಚಿಕೆಗೆ ಸಾಯೋ ಹಾಗಾಗಿದೆ ಕಣೋ. ನಿಮ್ಮಮ್ಮ ನಾಳೆಯಿಂದ ಏನು ತಿಂತಾರೆ?"

"ಹಿಟ್ಟು ನೀರು ಕಲಸಿಟ್ರೆ ವಾರ ಹತ್ತು ದಿನದಲ್ಲಿ ತಾನಾಗೇ ಹುಳಿ ಬರುತ್ತೆ. ನೀನೇ ತಾನೆ ಹೇಳಿದ್ದು?"

"ಬರುತ್ತೆ... ಆದ್ರೆ ಅದು ಅಜ್ಜಿಯ ಹುಳಿ ಆಗಲ್ಲ ಯಲ್ಮರಿ. ಅದನ್ನ ನಾನು ಕೊಂದೆ."

ಅವನು ಸಮಾಧಾನಕ್ಕೆಂದು ಸುಳ್ಳು ಹೇಳಲಿಲ್ಲ. "ಹೂಂ. ಅದು ಹೋಯ್ತು" ಎಂದು ಕಣ್ಣೊರೆಸಿಕೊಂಡ.

ಅವಳು ತಲೆ ತಗ್ಗಿಸಿ ಅತ್ತಳು. ದೂರದಲ್ಲಿ ಬಸ್ ಕಾಣಿಸಿತು.

"ಹೊಸ ಹುಳಿಗೆ ದಿನಾ ಯಾರಾದ್ರೂ ಹಿಟ್ಟು ಹಾಕ್ಬೇಕು," ಎಂದ ಮೆಲ್ಲಗೆ.

"ಯಾರು?"

"ತೊಳೆದವ್ರು!"

ಅಳುವಿನ ನಡುವೆಯೇ ಅವಳಿಗೆ ನಗು ಬಂತು. "ಎಷ್ಟು ದಿನ?"

"ಅಜ್ಜಿ ಅರವತ್ತು ವರ್ಷ ಹಾಕಿದ್ಲು..." ಯಲ್ಮರಿಯ ಕಿವಿ ಕೆಂಪಾಯಿತು. ಅವನಂಥ ಸಂಕೋಚದ ಸ್ವಭಾವದವನ ಬಾಯಲ್ಲಿ ಪ್ರೀತಿಯ ಮಾತು ಇದಕ್ಕಿಂತ ನೇರವಾಗಿ ಬರುವುದು ಕಷ್ಟ.

ಬಸ್ ಬಂದು ನಿಂತಿತು, ಹೋಯಿತು. ಸೈಮಿ ಹತ್ತಲಿಲ್ಲ.

"ಇರ್ತೀಯಾ?"

"ಇರ್ತೀನಿ... ಆದ್ರೆ ಅಮ್ಮನ ಎದುರಿಗೆ ಮೊದ್ಲು ನೀನು ಹೋಗು!"