ಎರಡು ಡಬ್ಬಿ, ಒಂದು ಸೀಟಿ

ಯಲಬುರ್ಗಾದ ಕಂಡಕ್ಟರ್ ಗಾಳೇಶ ಬಾಯಲ್ಲಿ ಎರಡು ಬೆರಳಿಟ್ಟು ಸೀಟಿ ಹೊಡೆದನೆಂದರೆ, ಅಲ್ಲಿ ಕುಷ್ಟಗಿಯಲ್ಲಿ ಹೊರಟು ನಿಂತ ಬಸ್ಸು ರಿವರ್ಸ್ ತೆಗೆದುಕೊಂಡು ಬರುತ್ತಿತ್ತು. ಅವನ ಹಲ್ಲುಗಳೇ ಅಂಥವು. ಒಮ್ಮೆ ಟಯರ್ ಪಂಕ್ಚರ್ ಆಗಿ ಜಾಕ್ ಸಿಗದಿದ್ದಾಗ ಬಸ್ಸನ್ನು ಹಲ್ಲಿನಲ್ಲೇ ಕಚ್ಚಿ ಎತ್ತಿ ಹಿಡಿದಿದ್ದ. ಒಳಗಿದ್ದ ಐವತ್ತೆರಡು ಮಂದಿಯಲ್ಲಿ ಒಬ್ಬರೂ ಇಳಿದಿರಲಿಲ್ಲ.

ಇಂಥವನು ಹೇಮಾ ಹತ್ತಿದಳೆಂದರೆ ಮುಂದಿನ ಸ್ಟಾಪಿನ ಹೆಸರೇ ಮರೆಯುತ್ತಿದ್ದ.

ಅವಳು ದಿನಾ ಎಂಟರ ಬಸ್ಸಿಗೆ ಕೊಪ್ಪಳಕ್ಕೆ ಹೋಗುವವಳು. ಬಾಯಿಯ ಬ್ಯಾಕ್ಟೀರಿಯಾ ಹೊಟ್ಟೆಗಿಳಿದು ಏನು ಮಾಡುತ್ತವೆಂದು ಹುಡುಕುವ ತಂಡವೊಂದಕ್ಕೆ ಮಾದರಿ ಸಂಗ್ರಹಿಸುವುದು ಅವಳ ಕೆಲಸ. ಅವಳು ನಕ್ಕರೆ ಬಸ್ಸಿನ ತುಕ್ಕು ಹಿಡಿದ ಕಿಟಕಿಗಳೆಲ್ಲ ತಾವಾಗಿ ತೆರೆದುಕೊಳ್ಳುತ್ತಿದ್ದವು.

"ನಮಗ ಛಲೋ ಹಲ್ಲಿನವರು ಬೇಕಾಗ್ಯಾರ್ರಿ," ಎಂದಳು ಒಂದು ದಿನ. "ಎರಡು ಡಬ್ಬಿ ಕೊಡ್ತೀನಿ. ಒಂದರಾಗ ಎಂಜಲು. ಇನ್ನೊಂದರಾಗ..." ಅವಳ ಕಣ್ಣು ಕಿಟಕಿಯತ್ತ ಹೊರಳಿತು. "ಮುಂಜಾನಿ ಎದ್ದ ಮ್ಯಾಲೆ ನಿಮಗ ಗೊತ್ತಾಗತೈತಿ."

"ಎಂಜಲಿಗೂ ಹೊಟ್ಟಿಗೂ ಏನ್ರಿ ಸಂಬಂಧ?"

"ದಿನಾ ಒಂದು ಲೀಟರ್ ಆಗೂವಷ್ಟು ಎಂಜಲು ನುಂಗತೀವಿ. ಅದರ ಜೋಡಿ ಬ್ಯಾಕ್ಟೀರಿಯಾನೂ ಇಳೀತಾವ. ಭಾಳಷ್ಟು ಹೊಟ್ಟಿ ಆಮ್ಲದಾಗ ಸಾಯ್ತಾವ. ಕೆಲವು ಕರುಳಿನ ತನಕ ಮುಟ್ಟತಾವ."

"ಅಂದ್ರ, ಟಿಕೆಟ್ ಇಲ್ಲದ ಪ್ಯಾಸೆಂಜರು!"

ಅವಳು ಓರೆಗಣ್ಣಿನಲ್ಲಿ ನೋಡಿದಳು. ಒಂದೇ ನೋಟ, ಗಾಳೇಶನಿಗೆ ಕೊಪ್ಪಳದವರೆಗೂ ಸಾಕಾಯಿತು.

"ವಸಡಿನ್ಯಾಗ ರಕ್ತ ಬರತೈತೇನ್ರಿ?"

"ನನಗ? ಕಬ್ಬಿಣ ಅಗಿದ್ರೂ ಬರಂಗಿಲ್ಲ!"

ಮರುದಿನವೇ ಎರಡು ಡಬ್ಬಿ ತುಂಬಿ ಕೊಟ್ಟ.

ಎರಡು ತಿಂಗಳ ನಂತರ ಹೇಮಾ ನಗದೆ ಹತ್ತಿದಳು.

"ಖರೇ ಹೇಳ್ರಿ. ಆ ಎಂಜಲು ಯಾರದು?"

"ನಂದ..."

"ಹಲ್ಲಿಗೆ ಅಂಟ್ಕೊಂಡು ಬದುಕೂ ಬ್ಯಾಕ್ಟೀರಿಯಾ ಅದರಾಗ ಇಲ್ಲೇ ಇಲ್ಲ. ಈ ಬಾಯಾಗ ಒಂದೂ ಹಲ್ಲಿಲ್ಲ ಅಂತಾರ ನಮ್ಮ ಸರ್. ಎರಡನೇ ಡಬ್ಬ್ಯಾಗ ನೋಡಿದ್ರ ವಸಡಿನ ರೋಗದ ಬ್ಯಾಕ್ಟೀರಿಯಾ ತುಂಬ್ಯಾವ." ಅವಳು ಚೀಲದಿಂದ ವರದಿಯ ಹಾಳೆ ತೆಗೆದು ಅವನ ಮುಂದೆ ಹಿಡಿದಳು. "ನಾನ ಸುಳ್ಳು ಮಾದರಿ ತಂದೀನಿ ಅಂತ ತಿಳ್ದಾರ. ಇವತ್ತ ಉತ್ತರ ಕೊಡಲಿಲ್ಲಂದ್ರ ನಾಳೆಯಿಂದ ನನಗ ಕೆಲಸ ಇಲ್ಲ."

ಭಾನಾಪುರ ಬಂತು, ಹೋಯಿತು. ಗಾಳೇಶ ಯಾರಿಗೂ ಟಿಕೆಟ್ ಕೇಳಲಿಲ್ಲ. ಕೊನೆಗೆ ಅವಳ ಸೀಟಿನ ಕಂಬಿ ಹಿಡಿದು ಬಗ್ಗಿದ.

"ಅದು ನಮ್ಮ ಆಯಿ, ನಮ್ಮವ್ವನ ಅವ್ವ ಮಾರೆವ್ವಂದ್ರಿ. ಹಲ್ಲುಜ್ಜಿದ್ರ ನನಗ ದಿನಾ ರಕ್ತ ಬರತೈತಿ. ನಿಮಗ ಗೊತ್ತಾಗಬಾರದು ಅಂತ... ಆಯಿ ಬಾಯಿ ಸ್ವಚ್ಛ ಐತಿ ಅನ್ಕೊಂಡೆ. ಆಕಿಗೆ ಹಲ್ಲೇ ಇಲ್ಲ ಅನ್ನೂದು ಲೆಕ್ಕಕ್ಕ ಬರತೈತಿ ಅಂತ ನನಗೇನ್ ಗೊತ್ತು?"

"ಎರಡನೇ ಡಬ್ಬಿ?"

"ಅದು ನಂದೇ. ಅದನ್ನ ಆಯಿಗೆ ಹೆಂಗ್ ಕೇಳಲ್ರಿ?"

ಹೇಮಾ ಸೆರಗನ್ನು ಬಾಯಿಗೊತ್ತಿಕೊಂಡಳು. ನಗು ಅದನ್ನೂ ದಾಟಿ ಬಂತು. "ಬಾಯಿಂದ ಬಂದದ್ದೆಲ್ಲ ಸುಳ್ಳು. ಹೊಟ್ಟ್ಯಾಗಿಂದು ಒಂದ ಖರೇ!"

"ಹೊಟ್ಟ್ಯಾಗ ಇನ್ನೊಂದು ಐತ್ರಿ," ಎಂದ ಗಾಳೇಶ, ಮೆಲ್ಲಗೆ. "ನೀವು ಹತ್ತದ ದಿನ ಈ ಬಸ್ಸು ಖಾಲಿ ಹೋಗತೈತಿ. ಐವತ್ತೆರಡು ಮಂದಿ ಕುಂತಿದ್ರೂ."

ಅವಳು ನಗು ನಿಲ್ಲಿಸಿ, ಕಣ್ಣು ತೆಗೆಯದೆ ಅವನನ್ನು ನೋಡಿದಳು.

"ಸರ್ ಮುಂದ ಬಂದು ಹೇಳ್ತೀರಿ?"

"ಎಲ್ಲಾನೂ?"

"ಆಯಿದಷ್ಟ ಹೇಳ್ರಿ. ಬಸ್ಸಿಂದು ನನಗಿರಲಿ."

ಹೋಗಿ ಹೇಳಿದ. ಬೈಸಿಕೊಂಡ. ಹೇಮಾಳ ಕೆಲಸ ಉಳಿಯಿತು. ಗಾಳೇಶನ ಕೈಗೆ ವಸಡಿನ ಚಿಕಿತ್ಸೆಯ ಚೀಟಿ ಬಂತು.

ಮರುದಿನ ಬೆಳಿಗ್ಗೆ ಅವಳು ಹಿಂದಿನ ಸೀಟು ಬಿಟ್ಟು ಕಂಡಕ್ಟರನ ಪಕ್ಕದಲ್ಲೇ ಕೂತಳು.

"ಎಲ್ಲಿ, ಆ ಕುಷ್ಟಗಿ ಸೀಟಿ ಒಮ್ಮೆ ಹೊಡೀರಿ. ಹತ್ರದಿಂದ ಕೇಳೂಣು."

ಗಾಳೇಶ ಬೆರಳಿಟ್ಟು ಊದಿದ. ಬರೀ ಗಾಳಿ ಬಂತು. ಡ್ರೈವರ್ ಕಾಸೀಮಸಾಬನತ್ತ ನೋಡಿದ. ಕಾಸೀಮಸಾಬ ಬೇಕೆಂದೇ ಕನ್ನಡಿ ಒರೆಸುತ್ತಿದ್ದ.

"ಅದೂ ನಂದಲ್ರಿ," ಎಂದ ಗಾಳೇಶ. "ನಾ ಬೆರಳಿಡತೀನಿ. ಸೀಟಿ ಕಾಸೀಮಸಾಬ ಹೊಡೀತಾನ."

ಹೇಮಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಿಜ ಹೇಳಿಬಿಡುವುದಾದರೆ, ಕಿಟಕಿ ಒಂದೂ ಎಂದೂ ತಾನಾಗಿ ತೆರೆದಿರಲಿಲ್ಲ. ಅವಳಿಗೆ ಗಾಳಿ ಬರಲೆಂದು ದಿನಾ ಏಳೂವರೆಗೆ ಎಣ್ಣೆ ಬಿಟ್ಟು ಅವನ್ನು ತೆರೆದಿಡುತ್ತಿದ್ದವನು ಗಾಳೇಶನೇ.