ಬಲೂನು ಬಿಟ್ಟ ದಿನ

"ರವೀಂದ್ರಣ್ಣಂಗೆ ಮದ್ವೆ ಕಣೇ ಪ್ರಮೀಳಾ... ಕೈಗೆ ಕಂಕಣ ಬೇರೆ ಕಟ್ಟವ್ರೆ!"

ಮೊದಲೇ ಇಳಿದು ನೋಡಿ ಬಂದ ಗೆಳತಿಯ ಮಾತಿಗೆ, ಬಸ್ಸಿಳಿಯುತ್ತಿದ್ದ ಪ್ರಮೀಳಾ ಮೆಟ್ಟಿಲ ಮೇಲೇ ನಿಂತುಬಿಟ್ಟಳು.

"ಸುಮ್ನಿರೇ ದೀಪಶ್ರೀ."

"ದೇವ್ರಾಣೆ. ಹಳದಿ ದಾರ, ಅರಿಶಿನದ ಕೊಂಬು. ಓಗಿ ನೋಡು."

ತೊಂಬತ್ತಾರರ ಡಿಸೆಂಬರ್. ನಾಗಮಂಗಲದ ಕಾಲೇಜಿನಿಂದ ಎಲ್ಲರೂ ಕೆ.ಆರ್.ಎಸ್. ಹತ್ತಿರದ ಹವಾಮಾನ, ಬಾಹ್ಯಾಕಾಶ ಕೇಂದ್ರ ನೋಡಲು ಬಂದಿದ್ದರು. ಪ್ರಮೀಳಾ ಬಂದಿದ್ದು ಮಾತ್ರ ರವೀಂದ್ರನನ್ನು ನೋಡಲು. ಶೀಳನೆರೆ ಊರಿನವನು, ಕಾಲೇಜಿನಲ್ಲಿ ಅವಳಿಗಿಂತ ಎರಡು ವರ್ಷ ಮುಂದಿದ್ದ. ಓದು ಮುಗಿಸಿ ಇಲ್ಲೇ ಕೆಲಸಕ್ಕೆ ಸೇರಿದ್ದ.

ಆಗೆಲ್ಲ ಹುಡುಗಿಯರು ಅವನನ್ನು 'ಅಣ್ಣ' ಅನ್ನುತ್ತಿದ್ದರು. ಪ್ರಮೀಳಾ ಮಾತ್ರ 'ರೀ' ಅಂದುಕೊಂಡೇ ಕಾಲ ತಳ್ಳಿದ್ದಳು. ಮನಸ್ಸಿನ ಮಾತು ಬಾಯಿಗೆ ಬಂದಿರಲೇ ಇಲ್ಲ.

ಬಯಲಿನಲ್ಲಿ ಹವಾಮಾನ ಅಳೆಯಲು ಮೇಲಕ್ಕೆ ಬಿಡುವ ಆಳೆತ್ತರದ ಬಿಳಿ ಬಲೂನು ತೂಗುತ್ತಿತ್ತು. ಅದರ ಹಗ್ಗ ಹಿಡಿದವನ ಕೈಯಲ್ಲಿ ಕಂಕಣ ನಿಜವಾಗಿಯೂ ಇತ್ತು.

'ಒಂದು ಮಾತು ಹೇಳಿದ್ದರೆ...' ಅಂದುಕೊಳ್ಳುತ್ತಲೇ ಅವಳು ಗುಂಪಿನ ಮುಂದಕ್ಕೆ ಬಂದಳು.

"ಏನಾರ ಕೇಳೋದಿದ್ರೆ ಕೇಳ್ರಪ್ಪ," ಅಂದ ರವೀಂದ್ರ.

"ಇದು ಎಷ್ಟು ಮೇಲಕ್ಕೆ ಓಯ್ತದೆ, ರವೀಂದ್ರಣ್ಣ?" ಕೇಳಿದವಳು ಪ್ರಮೀಳಾ.

ಅವನ ಮುಖ ಸಪ್ಪಗಾಯಿತು. ಉತ್ತರವನ್ನು ತಡವರಿಸಿ ಹೇಳಿ ಮುಗಿಸಿದ. ಮಿಕ್ಕವರು ಮಳೆ ಅಳೆಯುವ ಡಬ್ಬಿಯತ್ತ ಹೋಗುತ್ತಲೇ ಅವಳ ಹತ್ತಿರ ಬಂದ.

"ಯಾವತ್ತೂ ಇಲ್ದಿದ್ದು ಇವತ್ತೇನು ಅಣ್ಣ ಅಂತೀಯ?"

"ಮದ್ವೆ ಗೊತ್ತಾದೋರ್ನ ಇನ್ನೇನನ್ಬೇಕು?"

"ಯಾರ್ ಮದ್ವೆ?"

ಅವಳು ಅವನ ಕೈ ನೋಡಿದಳು. ಅವನೂ ನೋಡಿಕೊಂಡ. ಆಮೇಲೆ ನಕ್ಕ ನೋಡಿ, ಕಣ್ಣಲ್ಲಿ ನೀರು ಬರುವಷ್ಟು!

"ಇದಾ? ಇವತ್ತು ಮೊದಲ್ನೇ ಸಲ ನಾನೇ ಬಲೂನು ಬುಡ್ತೀನಿ ಅಂದೆ. ಅದು ನನ್ನೂ ಎತ್ಕೊಂಡೋಗ್ಬುಟ್ರೆ ಅಂತ ನಮ್ಮವ್ವ ಎದ್ರುಕೊಂಡು ಅರಿಶಿನದ ಕೊಂಬು ಪೂಜೆ ಮಾಡ್ಸಿ ಕಟ್ಟವ್ಳೆ. ಬ್ಯಾಡ ಅಂದ್ರೆ ಊಟ ಬುಡ್ತಾಳೆ."

ಪ್ರಮೀಳಾ ಅಳುತ್ತಲೇ ನಕ್ಕುಬಿಟ್ಟಳು. ಕೆನ್ನೆಯ ನೀರು ಮರೆಮಾಡಲು ಜಾಗವೇ ಇರಲಿಲ್ಲ.

ರವೀಂದ್ರನ ನಗು ನಿಂತಿತು.

"ಅಳ್ತಿದ್ಯಾ... ನನ್ಗೋಸ್ಕರನಾ?"

"ಇನ್ಯಾರ್ಗೆ? ಬಲೂನ್‌ಗಾ?"

ಅವನು ಬಲೂನಿನ ಹಗ್ಗವನ್ನು ಇನ್ನೊಂದು ಕೈಗೆ ಬದಲಿಸಿಕೊಂಡ.

"ನಾನೇ ಮೊದ್ಲು ಹೇಳ್ಬೇಕಿತ್ತು. ಧೈರ್ಯ ಸಾಲ್ನಿಲ್ಲ. ನಾಳೆ ಅವ್ವನ್ನ ಕರ್ಕೊಂಡು ನಿಮ್ಮೂರು ಬಿಂಡಿಗನವಿಲೆಗೆ ಬರ್ಲಾ? ನಿಮ್ಮಪ್ಪನ್ನೇ ಕೇಳ್ತೀನಿ."

"ಬನ್ನಿ ರೀ," ಅಂದಳು ಮೆಲ್ಲಗೆ. "ಬೆಳಗ್ಗೆ ಡೈರಿಗೆ ಹಾಲಾಕಿ ಬಂದ್ಮೇಲೆ ಅಪ್ಪ ಜಗಲಿ ಮೇಲೇ ಇರ್ತಾರೆ."

"ಹಂಗಾದ್ರೆ ಮೊದಲ್ನೇ ಬಸ್ಸಿಗೇ ಬತ್ತೀವಿ."