ಮಡಿಕೆ ಬಿಚ್ಚದ ಆರ್‌ಎನ್‌ಎ

ಶೀಶೆಯಲ್ಲಿ ಆರ್‌ಎನ್‌ಎ ಇತ್ತು. ಪ್ರೋಟೀನ್ ಮಾತ್ರ ಅದನ್ನು ಮೂಸಿಯೂ ನೋಡಲಿಲ್ಲ.

ಸಿಹೆಮ್ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ ನೋಡಿದಳು. ಟ್ಯೂನಿಸ್ಸಿನ ಆ ಪ್ರಯೋಗಾಲಯದ ಹಿರಿಯ ಸಹಾಯಕಿ ಅವಳು. ನಾಲ್ಕು ತಿಂಗಳು ಕೂತು ಆ ಆರ್‌ಎನ್‌ಎ ಎಳೆಗೆ ಮೀಥೈಲ್ ಎಂಬ ಪುಟ್ಟ ರಾಸಾಯನಿಕ ಗುರುತು ಹಾಕಿದವಳೂ ಅವಳೇ. ಗುರುತು ಬಿದ್ದರೆ ಎಳೆಯ ಮಡಿಕೆ ಸಡಿಲವಾಗುತ್ತದೆ, ಪ್ರೋಟೀನ್ ಬಂದು ಹಿಡಿಯುತ್ತದೆ. ನಿನ್ನೆಯವರೆಗೂ ಹಿಡಿಯುತ್ತಿತ್ತು.

ಪ್ರೊಫೆಸರ್ ಹೇದಿ ಆಗಲೇ ತೀರ್ಪು ಕೊಟ್ಟಾಗಿತ್ತು. "ನಿನ್ನೆ ಫ್ರೀಜರ್ ಒರೆಸಿದ್ದು ಮಬ್ರೂಕಾ. ಅವಳೇ ಹಾಳು ಮಾಡಿದ್ದು. ಹನ್ನೆರಡಕ್ಕೆ ಕೆಲಸದಿಂದ ತೆಗೀತಾರೆ, ಆಫೀಸಿಗೆ ಹೇಳಿದ್ದೀನಿ."

"ಕಸ ಗುಡಿಸೋರ ಕೈಗೆ ಫ್ರೀಜರ್ ಕೊಟ್ರೆ ಇನ್ನೇನಾಗುತ್ತೆ," ಎಂದ ಸಂಶೋಧಕ ಅನೀಸ್.

ಮಬ್ರೂಕಾ ಬಾಗಿಲಲ್ಲೇ ನಿಂತಿದ್ದಳು. "ಮಂಜು ಒರೆಸಿದೆ ಅಷ್ಟೇ, ಮಗಳೇ. ನಮ್ಮನೆಯವರ ಡಯಾಲಿಸಿಸ್ ಈ ಕೆಲಸದ ವಿಮೆಯಲ್ಲೇ ನಡೀತಿರೋದು."

"ಕೂತ್ಕೋ ಖಾಲ್ತಿ," ಎಂದಳು ಸಿಹೆಮ್, ಚಿಕ್ಕಮ್ಮನನ್ನು ಕರೆಯುವ ಹಾಗೆ. "ಈಗ ಹತ್ತು ಗಂಟೆ. ಎರಡು ಗಂಟೆ ಸಾಕು ನಂಗೆ."

ಸಿಹೆಮ್ ಕೈಗವಸು ಏರಿಸಿಕೊಂಡಳು.

* * *

ಶೀಶೆಯ ಒಂದು ಹನಿಯನ್ನು, ಫ್ರೀಜರ್‌ನಿಂದ ತೆಗೆದ ಹಾಗೆಯೇ, ಜೆಲ್‌ನಲ್ಲಿ ವಿದ್ಯುತ್ ಹರಿಸಿ ಮೇಲಿಂದ ಕೆಳಕ್ಕೆ ಓಡಿಸಿದಳು. ಗಡಿಯಾರ ನೋಡಿದಳು. ಮತ್ತೆ ನೋಡಿದಳು. ಹನ್ನೊಂದೂ ಮುಕ್ಕಾಲಿಗೆ ಗೆರೆ ಮೂಡಿತು. ಒಂದೇ ಗೆರೆ, ಚೊಕ್ಕವಾಗಿತ್ತು. ಆದರೆ ಇರಬೇಕಾದ ಜಾಗಕ್ಕಿಂತ ಕೆಳಗಿತ್ತು.

* * *

"ಸೀ ಹೇದಿ," ಎಂದಳು ಸಿಹೆಮ್, ಹಿರಿಯರಿಗೆ ಸಲ್ಲುವ 'ಸೀ' ಬಿಡದೆ, "ಇದು ಹಾಳಾಗಿಲ್ಲ. ಬರಿಗೈ ತಗಲಿದ್ರೆ ಆ ಬೆವರಿಗೇ ಆರ್‌ಎನ್‌ಎ ಚೂರುಚೂರಾಗ್ತಿತ್ತು, ಗೆರೆ ಕಲೆಸಿಹೋಗ್ತಿತ್ತು. ಖಾಲ್ತಿ ಕೈಗವಸು ಹಾಕಲ್ಲ ಅಂತ ನೀವೇ ಎಷ್ಟು ಸಲ ಬೈದಿಲ್ಲ?"

"ಮತ್ತೆ ಗೆರೆ ಯಾಕೆ ಕೆಳಗಿದೆ?" ಎಂದರು ಹೇದಿ.

"ಬಿಗಿಯಾಗಿ ಮಡಿಚಿಕೊಂಡಿದ್ದು ಬೇಗ ಓಡಿ ಕೆಳಗೆ ಸೇರುತ್ತೆ. ಅಂದ್ರೆ ಇದರಲ್ಲಿ ಗುರುತೇ ಇಲ್ಲ. ಯಾರೋ ಶೀಶೆ ಬದಲಾಯಿಸಿದ್ದಾರೆ."

ಅನೀಸ್ ನಕ್ಕ. "ಗುರುತಿಲ್ಲದ ಆರ್‌ಎನ್‌ಎ ಇಲ್ಲಿ ಎಲ್ಲರ ಹತ್ರಾನೂ ಇದೆ."

"ಇದೆ. ಆದ್ರೆ ನಮ್ಮ ಎಳೆಗಳು ಫ್ರೀಜರ್‌ನಲ್ಲಿ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ, ಒಂಟಿಯದ್ದೊಂದು ಜೋಡಿಯದ್ದೊಂದು ಅಂತ ಎರಡು ಗೆರೆ ಬರುತ್ತೆ; ಇದರಲ್ಲಿ ಒಂದೇ ಇದೆ. ಬಳಸೋ ಹೊತ್ತಿಗೆ ಕಾಯಿಸಿ ಆರಿಸಿ ಬಿಡಿಸ್ಕೋತೀವಿ. ಕಾಯಿಸಿ ಆರಿಸಿ ಆಮೇಲೆ ಫ್ರೀಜರ್‌ಗೆ ಇಡೋನು ಇಲ್ಲಿ ಒಬ್ಬನೇ. ಹಾಲು ಕಾಯಿಸಿ ಆರಿಸಿಡೋ ಅಮ್ಮನ ಅಡುಗೆಮನೆ ಶಿಸ್ತು ಅಂತ ಎಲ್ಲರೂ ನಿನ್ನ ಆಡ್ಕೋತೀವಲ್ಲ, ಅನೀಸ್."

ಅನೀಸ್‌ನ ನಗು ಇಂಗಿತು. ಜೆಲ್ ಹತ್ತಿರ ಬಂದು ಗೆರೆಯನ್ನು ಬಗ್ಗಿ ನೋಡಿದ.

"ಗುರುತಿನಿಂದ ಏನೂ ಬದಲಾಗಲ್ಲ ಅಂತ ಮೂರು ವರ್ಷ ಪ್ರಬಂಧ ಬರ್ದಿದ್ದೀನಿ," ಎಂದ ಕೊನೆಗೆ. "ನಿನ್ನ ಶೀಶೆ ಅದನ್ನ ಮುಳುಗಿಸ್ತಿತ್ತು. ಅಸಲಿದು ಕೆಳಗಿನ ಫ್ರೀಜರ್‌ನಲ್ಲಿದೆ. ಎಸೆಯೋಕೆ ಮನಸ್ಸು ಬರಲಿಲ್ಲ."

ಹೇದಿ ತಲೆ ತಗ್ಗಿಸಿದರು. "ಕ್ಷಮಿಸು ಮಬ್ರೂಕಾ."

ಮಬ್ರೂಕಾ ಗೋಡೆ ಗಡಿಯಾರ ತೋರಿಸಿದಳು. "ಕ್ಷಮೆ ಆಮೇಲೆ ಕೇಳಿ, ಸೀ ಹೇದಿ. ಮೊದಲು ಆಫೀಸಿಗೆ ಫೋನ್ ಮಾಡಿ. ಹನ್ನೆರಡಕ್ಕೆ ಎರಡೇ ನಿಮಿಷ ಇದೆ."